ಭಗ್ನನಗರದಲ್ಲಿ ಒಂದು ಪ್ರಣಯಪ್ರಹಸನ

(ಬಾನುಲಿ ಭಾಷಣದ ಬರಹರೂಪ)

ಶೃಂಗಾರದಿಂದ ಹಾಸ್ಯವೂ ರೌದ್ರದಿಂದ ಕರುಣವೂ ಹುಟ್ಟುತ್ತವೆಂದು ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಈ ಲೆಕ್ಕದಂತೆ ಯುದ್ಧ ಮುಗಿದ ನೆಲದಲ್ಲಿ ಬೆಳೆಯಬೇಕಾದುದು ಕರುಣವೇ ಹೊರತು ನಗೆಯಲ್ಲ. ನಮ್ಮ ರನ್ನನ ದುರ್ಯೋಧನ ಹೆಣಗಳ ನಡುವೆ ಕಾಲಿಡುತ್ತ ಕುರುಕ್ಷೇತ್ರವನ್ನು ಹಾದುಹೋಗುವಾಗ ಓದುಗನ ಮನಸ್ಸಿನಲ್ಲಿ ಏಳುವುದು ಶೋಕ. ಸೋತವನಲ್ಲಿಯೂ ಒಂದು ಘನತೆ ಉಳಿದಿದೆಯೆಂಬ ಗೌರವ. ಹೀಗಿರುವಾಗ, ಕೋಟ್ಯಂತರ ಜನರನ್ನು ನುಂಗಿದ ಒಂದು ಮಹಾಯುದ್ಧ ಮುಗಿದ ಎರಡೇ ವರ್ಷಗಳಲ್ಲಿ, ಆ ಯುದ್ಧವನ್ನು ಹೂಡಿದವರ ರಾಜಧಾನಿಯ ಬೂದಿಯ ಮೇಲೆಯೇ ನಿಂತು ಒಬ್ಬನು ಪ್ರಣಯಪ್ರಹಸನವನ್ನು ರಚಿಸಿದನೆಂದರೆ ಅದು ಔಚಿತ್ಯವೇ? ಈ ಪ್ರಶ್ನೆಯನ್ನು ಎತ್ತಿದ ಚಲನಚಿತ್ರವೊಂದರ ಕಥೆಯನ್ನೂ ಅದರ ಹಿಂದಿನ ಇತಿಹಾಸವನ್ನೂ ಇಲ್ಲಿ ಪರಿಶೀಲಿಸಬಹುದು. ಆ ಇತಿಹಾಸದ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದು ತಾಗುತ್ತದೆ.

ಚಿತ್ರದ ಹೆಸರು 'ಎ ಫಾರಿನ್ ಅಫೇರ್'. ಪ್ಯಾರಾಮೌಂಟ್ ಸಂಸ್ಥೆ 1948ರಲ್ಲಿ ಹೊರತಂದ ಈ ಚಿತ್ರವನ್ನು ನಿರ್ದೇಶಿಸಿದವನು ಬಿಲ್ಲಿ ವೈಲ್ಡರ್. ಹೆಸರಿನಲ್ಲಿಯೇ ಶ್ಲೇಷೆಯಿದೆ: ವಿದೇಶಾಂಗ ವ್ಯವಹಾರವೆಂದೂ ಅರ್ಥ, ಪರದೇಶದಲ್ಲಿ ನಡೆದ ಗುಟ್ಟಿನ ಪ್ರಣಯವೆಂದೂ ಅರ್ಥ. ಇಡೀ ಚಿತ್ರ ಈ ಎರಡು ಅರ್ಥಗಳ ನಡುವಿನ ಓಡಾಟ.

ಕಥೆ ವಿಮಾನದಲ್ಲಿ ಆರಂಭವಾಗುತ್ತದೆ. ಅಮೆರಿಕದ ಕಾಂಗ್ರೆಸ್ ಸದಸ್ಯರ ಒಂದು ನಿಯೋಗ ಬರ್ಲಿನ್ನಿಗೆ ಹೊರಟಿದೆ. ಅಲ್ಲಿ ಕಾವಲಿರುವ ತಮ್ಮ ಸೈನಿಕರ ನೈತಿಕ ಆರೋಗ್ಯ ಹೇಗಿದೆಯೆಂದು ತನಿಖೆ ಮಾಡುವುದು ಅದರ ಕೆಲಸ. ನಿಯೋಗದ ಒಬ್ಬಳೇ ಮಹಿಳೆ ಅಯೋವಾ ರಾಜ್ಯದ ಫೀಬಿ ಫ್ರಾಸ್ಟ್. ಕಡತ, ಕನ್ನಡಕ, ಕಟ್ಟುನಿಟ್ಟುಗಳೇ ಮೂರ್ತಿವೆತ್ತಂತಿರುವ ಈ ಪಾತ್ರವನ್ನು ಜೀನ್ ಆರ್ಥರ್ ಅಭಿನಯಿಸಿದ್ದಾಳೆ. ಅಲ್ಲಿ ಅವಳ ತನಿಖೆಗೆ ನೆರವಾಗುವವನು ಕ್ಯಾಪ್ಟನ್ ಪ್ರಿಂಗಲ್. ತನಿಖೆಗೆ ಒಳಗಾಗಬೇಕಾದ ಅಪರಾಧಿಯೂ ಅವನೇ! ಊರಿನ ಹುಡುಗಿಯೊಬ್ಬಳು ಅವನ ಹುಟ್ಟುಹಬ್ಬಕ್ಕೆಂದು ಫ್ರಾಸ್ಟಳ ಕೈಯಲ್ಲಿ ಕಳುಹಿಸಿದ ಚಾಕೊಲೇಟ್ ಕೇಕನ್ನು ಅವನು ಕಾಳಸಂತೆಗೆ ಒಯ್ದು ಅದರ ಬದಲಿಗೆ ಒಂದು ಹಾಸಿಗೆಯನ್ನು ಪಡೆಯುತ್ತಾನೆ. ಆ ಹಾಸಿಗೆಯನ್ನು ಜೀಪಿನಲ್ಲಿ ಹೇರಿಕೊಂಡು ಪಾಳುಬಿದ್ದ ಬೀದಿಗಳನ್ನು ದಾಟಿ ಹೋಗುವುದು ಎರಿಕಾ ಎಂಬ ಗಾಯಕಿಯ ಮನೆಗೆ; ಮನೆಯೆಂದರೆ ಬಾಂಬಿಗೆ ಅರ್ಧ ಕುಸಿದ ಕಟ್ಟಡದಲ್ಲಿ ಉಳಿದ ಒಂದು ಕೋಣೆ. ಎರಿಕಾ ಒಂದು ಕಾಲದಲ್ಲಿ ನಾಜಿ ಮುಖಂಡರ ಬಳಗದಲ್ಲಿ ಮೆರೆದವಳು; ಈಗ 'ಲೊರೆಲೈ' ಎಂಬ ಪಾನಗೃಹದಲ್ಲಿ ಗೆದ್ದವರಿಗಾಗಿ ಹಾಡುವವಳು. ಈ ಪಾತ್ರ ಮಾರ್ಲೀನ್ ಡೀಟ್ರಿಚ್‌ಳದು.

ತನಿಖಾಧಿಕಾರಿಯ ದೃಷ್ಟಿಯನ್ನು ಎರಿಕಾಳಿಂದ ಬೇರೆಡೆಗೆ ಹೊರಳಿಸಲು ಪ್ರಿಂಗಲ್ ಹೂಡುವ ಉಪಾಯ ಬಲು ಹಳೆಯದು: ತನಿಖಾಧಿಕಾರಿಯನ್ನೇ ಪ್ರೇಮಿಸುವಂತೆ ನಟಿಸುವುದು. ರಾತ್ರಿ ಹೊತ್ತು ಕಡತಗಳ ಕೋಣೆಯಲ್ಲಿ ಅವನು ಅವಳನ್ನು ಬೆನ್ನಟ್ಟುತ್ತಾನೆ. ಅವಳು ಕಡತದ ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ಅಡ್ಡಗೋಡೆ ಕಟ್ಟಿಕೊಳ್ಳುತ್ತ, ಧೈರ್ಯಕ್ಕೆ ಶಾಲೆಯಲ್ಲಿ ಕಲಿತ ದೇಶಭಕ್ತಿಯ ಪದ್ಯವೊಂದನ್ನು ಗಟ್ಟಿಯಾಗಿ ಹೇಳುತ್ತಾಳೆ. ನಟನೆ ನಿಜವಾಗುತ್ತದೆ. ಸುಳ್ಳು ಬಯಲಾಗುತ್ತದೆ. ಎರಿಕಾಳ ಹಳೆಯ ಪ್ರಿಯಕರನಾದ ಗೆಸ್ಟಾಪೊ ಅಧಿಕಾರಿಯನ್ನು ಹಿಡಿಯಲು ಪ್ರಿಂಗಲನನ್ನೇ ಗಾಳದ ಹುಳುವನ್ನಾಗಿ ಮಾಡಲಾಗುತ್ತದೆ. ಕೊನೆಗೆ ಎಲ್ಲವೂ ಪ್ರಹಸನದ ನಿಯಮದಂತೆಯೇ ಮುಗಿಯುತ್ತದೆ. ಎರಿಕಾಳನ್ನು ಶಿಕ್ಷೆಗೆ ಕರೆದೊಯ್ಯಬೇಕಾದ ಕಾವಲುಗಾರರೇ ಅವಳ ಮೋಡಿಗೆ ಒಳಗಾಗುತ್ತಿರುವುದನ್ನು ಕಂಡು, ಕಾವಲುಗಾರರ ಮೇಲೆ ಇನ್ನಷ್ಟು ಕಾವಲುಗಾರರನ್ನು ಇಡಬೇಕಾಗುತ್ತದೆ.

ಇಷ್ಟು ಕಥಾಸಾರ. ಇದನ್ನು ಹಗುರವಾದ ವಿನೋದವೆಂದು ತಳ್ಳಿಹಾಕುವ ಮೊದಲು ಇದರ ಹಿನ್ನೆಲೆಯಲ್ಲಿ ಕಾಣುವ ಊರನ್ನು ನೋಡಬೇಕು. ಚಿತ್ರದ ಬಹುಭಾಗ ಹಾಲಿವುಡ್ಡಿನ ಸ್ಟುಡಿಯೋದಲ್ಲಿಯೇ ಸಿದ್ಧವಾದರೂ, ಹೊರಾಂಗಣದ ದೃಶ್ಯಗಳಿಗಾಗಿ ವೈಲ್ಡರ್ 1947ರಲ್ಲಿ ಬರ್ಲಿನ್ನಿಗೆ ಹೋಗಿ ಅಲ್ಲಿನ ಪಾಳನ್ನು ಸೆರೆಹಿಡಿದು ತಂದನು. ಯುದ್ಧಕ್ಕೆ ಮೊದಲು 43 ಲಕ್ಷ ಜನರಿದ್ದ ಆ ನಗರದಲ್ಲಿ 1945ರ ಬೇಸಿಗೆಯ ಹೊತ್ತಿಗೆ ಉಳಿದಿದ್ದವರು ಸುಮಾರು 28 ಲಕ್ಷ. ಕಟ್ಟಡಗಳು ಕುಸಿದು ಬಿದ್ದ ಕಲ್ಲುಮಣ್ಣು ಏಳೂವರೆ ಕೋಟಿ ಘನಮೀಟರ್ ಇದ್ದಿತೆಂದು ಅಂದಾಜು. ಅದನ್ನು ಕೈಯಿಂದ ಕೈಗೆ ಬಕೆಟ್ಟು ದಾಟಿಸುತ್ತ ತೆರವು ಮಾಡಿದವರಲ್ಲಿ ಹೆಚ್ಚಿನವರು ಹೆಂಗಸರು; ಗಂಡಸರು ಸತ್ತಿದ್ದರು, ಇಲ್ಲವೆ ಸೆರೆಯಲ್ಲಿದ್ದರು. ನಗರವನ್ನು ರಷ್ಯ, ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳು ನಾಲ್ಕು ಪಾಲು ಮಾಡಿಕೊಂಡಿದ್ದವು. ನೋಟಿಗೆ ಬೆಲೆಯಿರಲಿಲ್ಲ, ಸಿಗರೇಟೇ ನಾಣ್ಯವಾಗಿತ್ತು. ಚಾಕೊಲೇಟ್ ಕೇಕಿಗೆ ಹಾಸಿಗೆ ಸಿಗುವುದು ಹಾಸ್ಯಗಾರನ ಕಲ್ಪನೆಯಲ್ಲ, ಆ ದಿನಗಳ ಅರ್ಥಶಾಸ್ತ್ರ.

ಗೆದ್ದವರು ಸೋತವರೊಡನೆ ಬೆರೆಯಕೂಡದೆಂಬ ಆಜ್ಞೆಯೂ ಇದ್ದಿತು. ಜರ್ಮನರೊಡನೆ ಮಾತನಾಡಬಾರದು, ಕೈಕುಲುಕಬಾರದು ಎಂದು ಐಸೆನ್‌ಹೋವರ್‌ನ ಸೈನ್ಯದಲ್ಲಿ ಕಟ್ಟಳೆ ಮಾಡಲಾಗಿತ್ತು. ಆದರೆ ಮನುಷ್ಯಸ್ವಭಾವದ ಮುಂದೆ ಯಾವ ಕಟ್ಟಳೆ ನಿಂತೀತು? 1945ರ ಜುಲೈ ತಿಂಗಳಲ್ಲಿಯೇ ಅದನ್ನು ಸಡಿಲಿಸಬೇಕಾಯಿತು. ಅಕ್ಟೋಬರ್ ವೇಳೆಗೆ ಅದು ಬಹುಮಟ್ಟಿಗೆ ಕಡತದಲ್ಲಿಯೇ ಅಸುನೀಗಿತು. ಹಸಿದ ಊರಿನಲ್ಲಿ ಒಬ್ಬನ ಬಳಿ ರೊಟ್ಟಿ, ಸಿಗರೇಟು, ಸಕ್ಕರೆಗಳಿದ್ದು ಇನ್ನೊಬ್ಬಳ ಬಳಿ ಏನೂ ಇಲ್ಲದಿರುವಾಗ ಅವರ ನಡುವೆ ಬೆಳೆಯುವ ಸಂಬಂಧವನ್ನು ಪ್ರೇಮವೆನ್ನಬೇಕೋ ವ್ಯಾಪಾರವೆನ್ನಬೇಕೋ ದಬ್ಬಾಳಿಕೆಯೆನ್ನಬೇಕೋ? ವೈಲ್ಡರ್‌ನ ಚಿತ್ರ ನಗುನಗುತ್ತಲೇ ಕೇಳುವುದು ಈ ಪ್ರಶ್ನೆಯನ್ನು.

ಆ ಪ್ರಶ್ನೆಯನ್ನು ಕೇಳುವ ಅಧಿಕಾರ ಅವನಿಗೆ ಎಲ್ಲಿಂದ ಬಂದಿತು? ವೈಲ್ಡರ್ 1906ರಲ್ಲಿ ಆಸ್ಟ್ರೋ-ಹಂಗರಿ ಸಾಮ್ರಾಜ್ಯದಲ್ಲಿ ಹುಟ್ಟಿದ ಯೆಹೂದಿ. ವಿಯೆನ್ನಾದಲ್ಲಿ ಪತ್ರಕರ್ತನಾಗಿದ್ದು ತರುವಾಯ ಬರ್ಲಿನ್ನಿಗೆ ಬಂದು ಚಿತ್ರಕಥೆಗಳನ್ನು ಬರೆದನು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿಯೇ ಆ ಊರನ್ನು ತೊರೆದು ಪ್ಯಾರಿಸ್ ಮಾರ್ಗವಾಗಿ ಅಮೆರಿಕ ಸೇರಿದನು. ಅವನ ತಾಯಿ, ಮಲತಂದೆ, ಅಜ್ಜಿ ಹಿಂದೆಯೇ ಉಳಿದರು. ಮೂವರೂ ನಾಜಿಗಳ ನರಮೇಧದಲ್ಲಿ ಅಳಿದುಹೋದರು. 1945ರಲ್ಲಿ ಅವನು ಅಮೆರಿಕದ ಸೈನ್ಯದ ಮನೋವೈಜ್ಞಾನಿಕ ಯುದ್ಧವಿಭಾಗದ ಅಧಿಕಾರಿಯಾಗಿ ಜರ್ಮನಿಗೆ ಮರಳಿದನು. ಯಾತನಾಶಿಬಿರಗಳಲ್ಲಿ ತೆಗೆದ ದೃಶ್ಯಗಳನ್ನು ಜೋಡಿಸಿ ಜರ್ಮನರಿಗೆ ತೋರಿಸಲೆಂದು ಮಾಡಿದ 'ಮೃತ್ಯುಗಿರಣಿಗಳು' ಎಂಬ ಅರ್ಥದ ಹೆಸರಿನ ಸಾಕ್ಷ್ಯಚಿತ್ರದ ಕೆಲಸದಲ್ಲಿ ಅವನ ಕೈಯಿದ್ದಿತು. ತಾನು ಯೌವನವನ್ನು ಕಳೆದ ಬೀದಿಗಳು ಗುರುತು ಸಿಗದಂತೆ ನೆಲಸಮವಾಗಿದ್ದುದನ್ನು ಅವನು ಕಂಡನು. ಹೆತ್ತವಳ ಕೊಲೆಗಾರರ ಊರು, ತಾನು ಪ್ರೀತಿಸಿದ್ದ ಊರು, ಎರಡೂ ಒಂದೇ ಆಗಿದ್ದವನ ಮನಃಸ್ಥಿತಿಯನ್ನು ಊಹಿಸಿಕೊಳ್ಳುವುದು ಸುಲಭವಲ್ಲ.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅವನು ತನ್ನ ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿ ಬರೆದನು. ಉಪದೇಶದ ಚಿತ್ರಗಳನ್ನು ಜನ ಎಷ್ಟು ದಿನ ನೋಡಿಯಾರು? ಮನರಂಜನೆಯ ಒಳಗೆ ಮಾತನ್ನು ಇಟ್ಟು ಕೊಟ್ಟರೆ ಅದು ಎದೆಗಿಳಿದೀತು ಎಂಬುದು ಅದರ ತಿರುಳು. ಬರ್ಲಿನ್ನಿನಲ್ಲಿ ಅಮೆರಿಕದ ಸೈನಿಕನೊಬ್ಬನಿಗೂ ಜರ್ಮನ್ ಹೆಂಗಸೊಬ್ಬಳಿಗೂ ನಡೆಯುವ ಕಥೆಯೊಂದನ್ನು ಚಿತ್ರಿಸುವೆನೆಂದೂ, ಆ ಸೈನಿಕ ಬಾವುಟ ಬೀಸುವ ವೀರನಾಗಿರುವುದಿಲ್ಲವೆಂದೂ ಅವನು ತಿಳಿಸಿದನು. ಅದರಲ್ಲಿ ಅವನು ಹೇಳಿರುವ ಒಂದು ಪ್ರಸಂಗ ಮರೆಯಲಾಗದ್ದು. ಕಲ್ಲುಮಣ್ಣನ್ನು ತೆರವು ಮಾಡುತ್ತಿದ್ದ ಹೆಂಗಸೊಬ್ಬಳು ಅಡುಗೆಯ ಅನಿಲ ಮತ್ತೆ ಬರಲಿದೆಯೆಂದು ಸಂತೋಷಪಟ್ಟಳಂತೆ. ಬಿಸಿಯೂಟದ ಆಸೆಯಿರಬೇಕೆಂದು ಇವನು ಭಾವಿಸಿದರೆ, ಅವಳಿಗೆ ಬೇಕಾಗಿದ್ದುದು ಅಡುಗೆಗಲ್ಲ. ಕೊಳವೆಯ ಬಾಯಿ ತೆರೆದು ಉಸಿರೆಳೆದು ಪ್ರಾಣ ಬಿಡುವುದಕ್ಕೆ. ಪ್ರಹಸನದ ಬೀಜ ಬಿದ್ದದ್ದು ಇಂತಹ ನೆಲದಲ್ಲಿ ಎಂಬುದನ್ನು ನೆನೆದರೆ ಚಿತ್ರದ ನಗೆ ಬೇರೆಯಾಗಿಯೇ ಕೇಳಿಸುತ್ತದೆ.

ಡೀಟ್ರಿಚ್‌ಳ ಕಥೆಯೂ ಇದಕ್ಕೆ ಹೊಂದಿಕೊಂಡದ್ದೇ. 1901ರಲ್ಲಿ ಬರ್ಲಿನ್ನಿನಲ್ಲಿಯೇ ಹುಟ್ಟಿದ ಅವಳು ನಾಜಿಗಳ ಆಹ್ವಾನವನ್ನು ತಿರಸ್ಕರಿಸಿ 1939ರಲ್ಲಿ ಅಮೆರಿಕದ ಪೌರಳಾದಳು. ಯುದ್ಧಕಾಲದಲ್ಲಿ ರಣರಂಗದ ಸಮೀಪದವರೆಗೆ ಹೋಗಿ ಸೈನಿಕರಿಗಾಗಿ ಹಾಡಿದಳು. 1947ರಲ್ಲಿ ಅಮೆರಿಕ ಅವಳಿಗೆ ಸ್ವಾತಂತ್ರ್ಯ ಪದಕವನ್ನು ನೀಡಿತು. ಅಂತಹವಳು ತೆರೆಯ ಮೇಲೆ ನಾಜಿಗಳ ಗೆಳತಿಯಾಗಿ ನಿಲ್ಲಬೇಕಾಯಿತು. ಅವಳ ಹಾಡುಗಳಿಗೆ ಪಾನಗೃಹದ ದೃಶ್ಯದಲ್ಲಿ ಪಿಯಾನೋ ನುಡಿಸುವವನು ಫ್ರೀಡ್ರಿಚ್ ಹೊಲೆಂಡರ್. ಹಾಡುಗಳನ್ನು ರಚಿಸಿದವನೂ ಅವನೇ. 1930ರ 'ನೀಲಿ ದೇವತೆ' ಚಿತ್ರದಲ್ಲಿ ಅವಳನ್ನು ಜಗದ್ವಿಖ್ಯಾತಳನ್ನಾಗಿ ಮಾಡಿದ ಹಾಡುಗಳೂ ಅವನವೇ. ಅವನೂ 1933ರಲ್ಲಿ ದೇಶ ಬಿಟ್ಟವನು. ಕ್ಯಾಲಿಫೋರ್ನಿಯಾದ ಕೃತಕ ಪಾನಗೃಹವೊಂದರಲ್ಲಿ ಮೂವರು ಬರ್ಲಿನ್ನಿಗರು ಕೂಡಿ ತಾವು ಕಳೆದುಕೊಂಡ ಊರನ್ನು ಹಾಡಿನಲ್ಲಿ ಮರಳಿ ಕಟ್ಟಿದರು ಎನ್ನಬಹುದು.

ಇದೇ ಕಲ್ಲುಮಣ್ಣಿನ ನಡುವೆ ಬೇರೆ ರೀತಿಯ ಚಿತ್ರಗಳೂ ಆದವು. 1946ರಲ್ಲಿ ವೋಲ್ಫ್‌ಗ್ಯಾಂಗ್ ಸ್ಟೌಟೆ ಮಾಡಿದ 'ಕೊಲೆಗಾರರು ನಮ್ಮ ನಡುವೆ ಇದ್ದಾರೆ' ಎಂಬ ಜರ್ಮನ್ ಚಿತ್ರ ಸೋತವರ ಆತ್ಮಸಾಕ್ಷಿಯನ್ನು ಕಲಕಿತು. ಇಟಲಿಯ ರೊಸೆಲಿನಿ 1947ರಲ್ಲಿ ಅಲ್ಲಿಯೇ ಚಿತ್ರೀಕರಿಸಿದ 'ಜರ್ಮನಿ: ವರ್ಷ ಸೊನ್ನೆ'ಯಲ್ಲಿ ಬಾಲಕನೊಬ್ಬ ಪಾಳುಕಟ್ಟಡದಿಂದ ಹಾರಿ ಸಾಯುತ್ತಾನೆ. ಅವು ಕರುಣದ ಮಾರ್ಗ ಹಿಡಿದವು. ವೈಲ್ಡರ್ ಹಿಡಿದದ್ದು ವಿಡಂಬನೆಯ ಮಾರ್ಗ. ಅವನ ಚಿತ್ರದಲ್ಲಿಯೂ ಒಬ್ಬ ಹುಡುಗನಿದ್ದಾನೆ: ಕಂಡಲ್ಲೆಲ್ಲ ಸೀಮೆಸುಣ್ಣದಿಂದ ನಾಜಿ ಸ್ವಸ್ತಿಕವನ್ನು ಬರೆಯುವ ಚಾಳಿಯವನು. ಮಗನನ್ನು ತಿದ್ದುವೆನೆಂದು ಅಧಿಕಾರಿಯ ಮುಂದೆ ಪ್ರತಿಜ್ಞೆ ಮಾಡುತ್ತಿರುವ ತಂದೆಯ ಕೋಟಿನ ಬೆನ್ನಿನ ಮೇಲೆಯೇ ಆ ಗುರುತು ಕಾಣಿಸುತ್ತದೆ. ಪ್ರೇಕ್ಷಕ ನಗುತ್ತಾನೆ. ನಕ್ಕ ಮೇಲೆ, ಒಂದು ಪೀಳಿಗೆಯ ಮನಸ್ಸಿನಲ್ಲಿ ಬೇರುಬಿಟ್ಟ ವಿಷ ಆಜ್ಞಾಪತ್ರಗಳಿಂದ ಹೋಗುವುದಿಲ್ಲವೆಂಬುದು ಹೊಳೆದು ನಗೆ ಅರ್ಧದಲ್ಲಿಯೇ ನಿಲ್ಲುತ್ತದೆ.

ಹಾಗೆಂದು ಚಿತ್ರದಲ್ಲಿ ದೋಷವಿಲ್ಲವೆಂದು ಹೇಳಲಾಗದು. ರಷ್ಯದ ಸೈನ್ಯ ಊರನ್ನು ಹೊಕ್ಕಾಗ ಬರ್ಲಿನ್ನಿನ ಹೆಂಗಸರು ಅನುಭವಿಸಿದ ಘೋರವನ್ನು ಎರಿಕಾ ಒಂದೆರಡು ಮಾತಿನಲ್ಲಿ ಸೂಚಿಸಿ ಮುಂದೆ ಹೋಗುತ್ತಾಳೆ. ಕಥೆ ಅಲ್ಲಿ ತಡೆದು ನಿಲ್ಲುವುದಿಲ್ಲ. ವೈಲ್ಡರ್‌ನ ಸ್ವಂತ ಜನರ ಮಾರಣಹೋಮದ ವಿಷಯ ನೆರಳಾಗಿಯೇ ಉಳಿಯುತ್ತದೆ. ಫ್ರಾಸ್ಟಳನ್ನು ಪ್ರೇಮ ಪಳಗಿಸುವ ಬಗೆಯಲ್ಲಿ, ವೈಲ್ಡರ್ ಮತ್ತು ಅವನ ಜೊತೆಗಾರ ಚಾರ್ಲ್ಸ್ ಬ್ರ್ಯಾಕೆಟ್ 1939ರ 'ನಿನೋಚ್ಕಾ'ಕ್ಕೆ ಕಥೆ ಬರೆಯುವಾಗ ಬಳಸಿದ ಹಂದರವೇ ಮರಳಿ ಬಂದಿದೆ. ಆದರೂ ಒಂದು ವಿಷಯದಲ್ಲಿ ಚಿತ್ರ ಸುಳ್ಳಾಡುವುದಿಲ್ಲ. ಗೆದ್ದವನು ಗೆದ್ದ ಮಾತ್ರಕ್ಕೆ ಶುದ್ಧನಾಗುವುದಿಲ್ಲ. ಸೋತವಳು ಸೋತ ಮಾತ್ರಕ್ಕೆ ನಿರಪರಾಧಿಯಾಗುವುದಿಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ವೀರಗಾಥೆಗೂ ಆಗದು, ವಿಲಾಪಕ್ಕೂ ಆಗದು. ಪ್ರಹಸನಕ್ಕೆ ಆಗುತ್ತದೆ.

ಅದನ್ನು ಕೇಳಿಸಿಕೊಳ್ಳಲು ಗೆದ್ದವರು ಸಿದ್ಧರಿರಲಿಲ್ಲ. ಚಿತ್ರ ತೆರೆಗೆ ಬಂದದ್ದು 1948ರ ಬೇಸಿಗೆಯಲ್ಲಿ. ಅದೇ ಜೂನ್ 24ರಂದು ರಷ್ಯ ಪಶ್ಚಿಮ ಬರ್ಲಿನ್ನಿನ ನೆಲದ ಮಾರ್ಗಗಳನ್ನು ಮುಚ್ಚಿತು. ಮುಂದೆ ಸುಮಾರು ಒಂದು ವರ್ಷ ಆ ಊರಿಗೆ ಅನ್ನ, ಕಲ್ಲಿದ್ದಲು ಹೋದದ್ದು ವಿಮಾನಗಳಲ್ಲಿ. ನಿನ್ನೆಯ ಶತ್ರುವಿನ ರಾಜಧಾನಿ ಒಮ್ಮೆಗೇ ಸ್ವಾತಂತ್ರ್ಯದ ಕೋಟೆಯಾಗಿ, ಕಾಳಸಂತೆಯ ಕ್ಯಾಪ್ಟನ್ ಒಮ್ಮೆಗೇ ಅದರ ರಕ್ಷಕನಾಗಿ ಕಾಣಬೇಕಾದ ಕಾಲವದು. ತಮ್ಮ ಸೈನಿಕರನ್ನು ಹೀಗೆ ತೋರಿಸಿದ್ದಕ್ಕೆ ಅಮೆರಿಕದಲ್ಲಿಯೇ ಆಕ್ಷೇಪಗಳೆದ್ದವು. ಜರ್ಮನಿಯಲ್ಲಿದ್ದ ಅಮೆರಿಕದ ಸೇನಾ ಆಡಳಿತ ಅದರ ಪ್ರದರ್ಶನಕ್ಕೆ ಒಪ್ಪಲಿಲ್ಲ. ಯಾರಿಗಾಗಿ ಆ ಚಿತ್ರವನ್ನು ಮೊದಲು ಕಲ್ಪಿಸಲಾಗಿತ್ತೋ ಆ ಜರ್ಮನ್ ಪ್ರೇಕ್ಷಕರು ಅದನ್ನು ನೋಡಿದ್ದು 1977ರಲ್ಲಿ, ಅದೂ ದೂರದರ್ಶನದಲ್ಲಿ. ಚಿತ್ರಕಥೆಗೂ ಛಾಯಾಗ್ರಹಣಕ್ಕೂ ಆಸ್ಕರ್ ನಾಮನಿರ್ದೇಶನ ದೊರೆತಿದ್ದ ಕೃತಿಯೊಂದಕ್ಕೆ ತನ್ನ ಕಥಾಭೂಮಿಯನ್ನು ತಲುಪಲು ಸುಮಾರು ಮೂವತ್ತು ವರ್ಷ ಬೇಕಾಯಿತು. 1961ರಲ್ಲಿ ವೈಲ್ಡರ್ ಇನ್ನೊಂದು ಪ್ರಹಸನಕ್ಕಾಗಿ ಬರ್ಲಿನ್ನಿಗೆ ಮರಳಿದಾಗ ಚಿತ್ರೀಕರಣದ ನಡುವೆಯೇ ಆಗಸ್ಟ್ 13ರಂದು ಗೋಡೆ ಎದ್ದಿತು. ಉಳಿದುದಕ್ಕೆ ಮ್ಯೂನಿಕ್‌ನಲ್ಲಿ ಬ್ರಾಂಡೆನ್‌ಬರ್ಗ್ ಮಹಾದ್ವಾರದ ಪ್ರತಿಕೃತಿಯನ್ನು ಕಟ್ಟಬೇಕಾಯಿತು. ಆ ಗೋಡೆ ಉರುಳಿದ್ದು 1989ರಲ್ಲಿ.

ಇದೆಲ್ಲ ದೂರದ ಮಾತೆಂದು ನಮಗೆ ತೋರಬಹುದು. ಆದರೆ ಬೆಂಗಳೂರಿನ ಉತ್ತರಕ್ಕಿರುವ ಆರ್.ಟಿ. ನಗರದ ಆಸುಪಾಸಿನಲ್ಲಿ ನಿಂತು ಯೋಚಿಸಿದರೆ ದೂರ ಕಡಿಮೆಯಾಗುತ್ತದೆ. ಬಡಾವಣೆಯ ಹೆಸರಿನಲ್ಲಿರುವ ರವೀಂದ್ರನಾಥ ಠಾಕೂರರು 1921ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಕಿಕ್ಕಿರಿದ ಸಭೆಯ ಮುಂದೆ ಮಾತನಾಡಿದವರು. ರಾಷ್ಟ್ರಾಭಿಮಾನದ ಮದ ಜನಾಂಗಗಳನ್ನು ಎಲ್ಲಿಗೆ ಒಯ್ಯುವುದೆಂದು ಅದಕ್ಕೂ ಮೊದಲೇ ಎಚ್ಚರಿಸಿದವರು. ಪಕ್ಕದ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವಿದೆ. ಆ ಪಡೆಯ ರಾವುತರು ಜೋಧಪುರದವರೊಡಗೂಡಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದು ಒಳಹೊಕ್ಕರು. ಜಾಲಹಳ್ಳಿಯ ಕಡೆಗೆ ನಡೆದರೆ, ಆಫ್ರಿಕದ ರಣರಂಗದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇಲಿಯೊಳಗೆ ದಿನ ಎಣಿಸಿದ ನೆಲ. ಪೂರ್ವದಲ್ಲಿ, 1940ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಸೇನೆ ವಹಿಸಿಕೊಂಡಿತು. ಕ್ಯಾಪ್ಟನ್ ಪ್ರಿಂಗಲ್‌ನ ಸೋದರರು ಬೆಂಗಳೂರಿನ ಬೀದಿಗಳಲ್ಲಿಯೂ ಓಡಾಡಿದವರೇ. ಕೊಡಗಿನ ಕೆ.ಎಸ್. ತಿಮ್ಮಯ್ಯನವರು 1946ರಲ್ಲಿ ಒಂದು ಭಾರತೀಯ ಬ್ರಿಗೇಡಿನ ನಾಯಕರಾಗಿ ಜಪಾನಿನಲ್ಲಿದ್ದರು; ಬೆಂದುಹೋದ ದೇಶವೊಂದನ್ನು ಕಾಯುವ ಸೈನ್ಯದಲ್ಲಿ, ಸೋತವರೊಡನೆ ಬೆರೆಯಬಾರದೆಂಬ ಅದೇ ಕಟ್ಟಳೆಯ ನಡುವೆ. ತಮ್ಮ ದೇಶವೇ ಇನ್ನೂ ಪರರ ಕೈಯಲ್ಲಿದ್ದಾಗ ಇನ್ನೊಂದು ದೇಶವನ್ನು ಕಾಯಬೇಕಾಗಿ ಬಂದದ್ದು ಆ ಪೀಳಿಗೆಯ ಭಾರತೀಯ ಸೈನಿಕರ ವಿಚಿತ್ರ ವಿಧಿ.

ಬೆಂಗಳೂರು ತಾನೇ ಗೆಲ್ಲಲ್ಪಟ್ಟ ಊರು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹೊಕ್ಕಿತು. 21ರ ರಾತ್ರಿ ಕೋಟೆ ಬಿದ್ದಿತು, ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತ ಮಡಿದನು. ಕೋಟೆಗೋಡೆ ಒಡೆದ ಜಾಗದಲ್ಲಿ ಇಂದಿಗೂ ಇರುವುದು ಗೆದ್ದವರು ಇಟ್ಟ ಫಲಕ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯ ಇಲ್ಲಿಗೆ ಬಂದು ನೆಲೆಯೂರಿದ ಮೇಲೆ ಊರು ಎರಡಾಯಿತು. ಒಂದು ಮಹಾರಾಜರ ಪೇಟೆ, ಇನ್ನೊಂದು ರೆಸಿಡೆಂಟನ ದಂಡು. ನಡುವೆ ಕಬ್ಬನ್ ಉದ್ಯಾನ. ಈಚೆಗೆ ಒಂದು ಪೊಲೀಸು, ಒಂದು ನ್ಯಾಯಾಲಯ, ಆಚೆಗೆ ಇನ್ನೊಂದು. 1947ರ ಜುಲೈ 26ರಂದು ದಂಡು ಮೈಸೂರಿಗೆ ಮರಳಿ, 1949ರಲ್ಲಿ ಎರಡು ಊರುಗಳೂ ಒಂದೇ ನಗರಸಭೆಗೆ ಸೇರಿದವು. 'ದಂಡು' ಎಂಬ ನಮ್ಮ ಮಾತೇ ಸೈನ್ಯವೆಂಬ ತನ್ನ ಅರ್ಥವನ್ನು ಮುಚ್ಚಿಡುವುದಿಲ್ಲ. ಅಲ್ಲಿನ ರೈಲುನಿಲ್ದಾಣವನ್ನು ಜನ ಆ ಹೆಸರಿನಿಂದಲೇ ಕರೆಯುತ್ತ ಬಂದಿದ್ದಾರೆ.

ಬರ್ಲಿನ್ನಿಗೂ ಬೆಂಗಳೂರಿಗೂ ಹೋಲಿಕೆ ಇಷ್ಟೇ. ಇದನ್ನು ಹೆಚ್ಚು ಎಳೆಯಬಾರದು. ಅಲ್ಲಿ ಸೋತವರು ಜಗತ್ತಿಗೆ ಕಿಚ್ಚಿಟ್ಟವರು, ಇಲ್ಲಿ ಹಾಗಲ್ಲ. ಅಲ್ಲಿನ ಆಕ್ರಮಣ ಕೆಲವು ವರ್ಷಗಳದು, ಇಲ್ಲಿನದು ನೂರಮೂವತ್ತೆಂಟು ವರ್ಷಗಳದು. ಆದರೆ ಅಷ್ಟು ದೀರ್ಘಕಾಲ ಗೆದ್ದವರ ನೆರಳಿನಲ್ಲಿ ಬದುಕಿದ ಊರು ತನ್ನ ನಗೆಯನ್ನು ಎಲ್ಲಿ ಇಟ್ಟುಕೊಂಡಿತ್ತು ಎಂದು ಕೇಳಬಹುದು. ಉತ್ತರ ನಮ್ಮ ರಂಗಭೂಮಿಯಲ್ಲಿದೆ. ಕೈಲಾಸಂ ಅವರ ನಾಟಕಗಳಲ್ಲಿ ಕನ್ನಡವೂ ಇಂಗ್ಲಿಷೂ ಒಂದನ್ನೊಂದು ನೂಕಾಡುತ್ತ, ಅಪ್ಪಿಕೊಳ್ಳುತ್ತ, ಅಣಕಿಸುತ್ತ ಸಾಗುತ್ತವೆ. ಅವರ ಪಾತ್ರಗಳು ಆಳುವವರ ಮಾತನ್ನು ಆಭರಣವಾಗಿ ತೊಟ್ಟು, ಅದು ಸರಿಹೊಂದದೆ ಜಾರಿದಾಗ ನಾವು ನಗುತ್ತೇವೆ. ಆ ನಗೆ ಪಾತ್ರದ ಮೇಲಿನದು ಎಷ್ಟೋ, ಆ ಆಭರಣದ ಮೇಲಿನದೂ ಅಷ್ಟೇ. ಕೋವಿಯಿಲ್ಲದವರ ಕೈಯಲ್ಲಿ ಉಳಿದ ಒಂದು ನ್ಯಾಯಸ್ಥಾನವೆಂದರೆ ಇದೇ.

ಗೆದ್ದವರು ಫಲಕಗಳನ್ನು ನೆಡುತ್ತಾರೆ. ಫಲಕದಲ್ಲಿ ದಿನಾಂಕವಿರುತ್ತದೆ, ಹೆಸರಿರುತ್ತದೆ, ಹೊಗಳಿಕೆಯಿರುತ್ತದೆ. ಮರುದಿನ ಬೆಳಿಗ್ಗೆ ಆ ಊರಿನಲ್ಲಿ ಹಾಲು ಸಿಕ್ಕಿತೇ, ಯಾರು ಯಾರಿಗೆ ಏನನ್ನು ಮಾರಿಕೊಂಡರು, ಯಾವ ಭಯದಿಂದ ಯಾರನ್ನು ನೋಡಿ ನಕ್ಕರು ಎಂಬುದು ಫಲಕದಲ್ಲಿರುವುದಿಲ್ಲ. ಅದನ್ನು ಬರೆದಿಡುವ ಕೆಲಸ ವಿನೋದಗಾರರ ಪಾಲಿಗೆ ಬರುತ್ತದೆ. ತಾಯಿಯನ್ನು ಕಳೆದುಕೊಂಡ ವೈಲ್ಡರ್ ಬರ್ಲಿನ್ನಿನ ಬೂದಿಯಲ್ಲಿ ದ್ವೇಷದ ಚಿತ್ರವೊಂದನ್ನು ಮಾಡಿದ್ದರೆ ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಒಂದು ಕೇಕು, ಒಂದು ಹಾಸಿಗೆ, ಇಬ್ಬರು ಹೆಂಗಸರು, ಒಬ್ಬ ಅಪ್ರಾಮಾಣಿಕ ಕ್ಯಾಪ್ಟನ್ ಇವರನ್ನು ನಮ್ಮ ಮುಂದಿಟ್ಟು, ಇವರಲ್ಲಿ ತೀರ್ಪು ಹೇಳಲು ಅರ್ಹರು ಯಾರು ಎಂದು ಕೇಳಿದನು. ಆ ನಗೆ ಕ್ಷಮೆಯಲ್ಲ, ಮರೆವೂ ಅಲ್ಲ. ಪಾಳುಬಿದ್ದ ಊರಿನಲ್ಲಿಯೂ ಮನುಷ್ಯರು ಮನುಷ್ಯರಾಗಿಯೇ ಉಳಿದಿದ್ದರೆಂಬುದಕ್ಕೆ ಅದು ಸಾಕ್ಷಿ.